ಕುಂಕುಮ ಇಟ್ಟ ಹಾರ್ಮೋನಿಯಂ

ನಾನು ಹಾರ್ಮೋನಿಯಂ ನುಡಿಸುತ್ತೇನೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬರೆದು ಮುಗಿಸುವ ಹೊತ್ತಿಗೆ ಇದನ್ನು ಹೇಳುವ ಧೈರ್ಯ ಉಳಿದಿರುತ್ತದೋ ಇಲ್ಲವೋ.

ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಆ ವಿಷಯದಲ್ಲಿ ಮೇಷ್ಟರಿಗೂ ನನಗೂ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ. ಆದರೆ ಕಲೆ ಎನ್ನುವುದು ಓದಿನಿಂದ ಬರುವುದಲ್ಲ, ಹುಟ್ಟಿನಿಂದ ಬರುವುದು ಎಂದು ಎಲ್ಲೋ ಕೇಳಿದ್ದೆ. ನನಗೆ ಅದು ಹುಟ್ಟಿನಿಂದ ಬರಲಿಲ್ಲ, ಗೌರಿಬಿದನೂರಿನಿಂದ ಬಂತು. ಅಲ್ಲಿ ಬೀಡುಬಿಟ್ಟಿದ್ದ ನಾಟಕದ ಕಂಪನಿಯೊಂದು ಮುಚ್ಚಿಹೋಗಿ, ಪರದೆ, ಕಿರೀಟ, ಗದೆಗಳನ್ನೆಲ್ಲ ಕಂಡವರಿಗೆ ಕೊಡುತ್ತಿದ್ದರು. ಒಂದು ಮೂಟೆ ರಾಗಿ ಕೊಟ್ಟು ನಾನು ಹಾರ್ಮೋನಿಯಂ ತಂದೆ. ಗದೆ ತಂದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ ಎಂದು ನನ್ನ ಹೆಂಡತಿ ರತ್ನಮ್ಮ ಇವತ್ತಿಗೂ ಹೇಳುತ್ತಾಳೆ.

ಕಂಪನಿಯ ಮುದುಕರೊಬ್ಬರು ಅದೇ ರಾಗಿಮೂಟೆಯ ಮೇಲೆ ಕೂತು ನನಗೆ ಪಾಠ ಹೇಳಿದರು. ಹಾರ್ಮೋನಿಯಂನಲ್ಲಿ ಬೆರಳಿಟ್ಟು ಒತ್ತುವ ಕಪ್ಪು ಬಿಳುಪು ಪಟ್ಟಿಗಳಿಗೆ ‘ಮನೆ’ ಎನ್ನುತ್ತಾರೆ. ಅಷ್ಟೊಂದು ಮನೆಗಳನ್ನು ನೋಡಿ ನನಗೆ ದಿಗಿಲಾಯಿತು. ನಮ್ಮೂರಲ್ಲೇ ಅಷ್ಟು ಮನೆ ಇರಲಿಲ್ಲ.

“ಎಲ್ಲಾ ನಿಂಗ್ಯಾಕಯ್ಯ? ಯಾವ ಹಾಡು ಬೇಕೋ ಅದು ಹೇಳು,” ಎಂದರು ಮುದುಕರು.

ನಾನು ನಮ್ಮ ಮನೆಯಲ್ಲಿ ಕೇಳುತ್ತಿದ್ದ ಒಂದು ಹಾಡನ್ನು ಗುನುಗಿದೆ. ಅವರು ಆ ಹಾಡಿಗೆ ಬೇಕಾದ ಮನೆಗಳನ್ನು ಮಾತ್ರ ಹುಡುಕಿ, ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಒಂದೊಂದಕ್ಕೂ ಚುಕ್ಕೆ ಇಟ್ಟರು.

“ಕೆಂಪಿರೋ ಕಡೆ ಒತ್ತು. ಇಲ್ದಿರೋ ಮನೆಗೆ ಹೋಗ್ಬೇಡ. ಮರ್ಯಾದಸ್ತರು ಹಂಗೇ ಇರ್ಬೇಕು.”

ಹೀಗೆ ನಾನು ಒಂದೇ ಮಧ್ಯಾಹ್ನದಲ್ಲಿ ವಿದ್ವಾಂಸನಾದೆ. ಬರುತ್ತಿದ್ದುದು ಒಂದೇ ಹಾಡು. ಅದೂ ಚುಕ್ಕೆ ಕಾಣುವಷ್ಟು ಬೆಳಕಿದ್ದರೆ.

ಆ ಹಾಡಿನ ವಿಷಯ ಹೇಳಬೇಕು. ನಮ್ಮ ಅಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವಾಗ ಹೇಳಿಕೊಳ್ಳುತ್ತಿದ್ದ ಹಾಡು ಅದು. ನಾನು ಇನ್ನೂ ಚಿಕ್ಕವನಿದ್ದಾಗಲೇ ಅಮ್ಮ ಹೋದಳು. ಹುಳುಮನೆ, ಹಾಡು, ನಾನು, ಮೂರೂ ಅಕ್ಕನ ಪಾಲಿಗೆ ಬಂದೆವು. ಅಕ್ಕನ ಹೆಸರು ನಾರಾಯಣಮ್ಮ. ಮುಂದೆ ಅವಳನ್ನು ಕೈವಾರದ ಕಡೆಗೆ ಮದುವೆ ಮಾಡಿ ಕೊಟ್ಟೆವು. ಭಾವ ಬೇಗ ತೀರಿಕೊಂಡರು. ಅಕ್ಕ ಒಂದು ಗಂಟು ಬಟ್ಟೆ ಹಿಡಿದು ನಮ್ಮೂರಿಗೆ ವಾಪಸು ಬಂದಳು, ಗಂಟನ್ನು ಮೂಲೆಗಿಟ್ಟಳು, ಕೈಕಾಲು ತೊಳೆದು ನೇರ ಹುಳುಮನೆಗೆ ಹೋಗಿ ಸೊಪ್ಪು ಹಾಕತೊಡಗಿದಳು. ಅವತ್ತು ಸಂಜೆ ಹಾಡು ಕೇಳಿಸಿತು.

‘ಎಲೆ ತಿಂದು ಮಲಗಮ್ಮ, ಮೈ ಬಿಟ್ಟು ಏಳಮ್ಮ, ನೂಲಾಗಿ ಹೋಗಮ್ಮ ನೂರೂರು ದಾಟಿ, ನಾ ಬಂಗಾರು ತಲ್ಲಿ.’

ಕೊನೆಯ ತುಂಡು ತೆಲುಗು, ನನ್ನ ಬಂಗಾರದ ತಾಯಿ ಎಂದು. ಮಿಕ್ಕಿದ್ದು ಕನ್ನಡ. ನಮ್ಮ ಕಡೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಯಾರೂ ನೋಡಲು ಹೋಗುವುದಿಲ್ಲ. ಹುಳುಗಳಂತೂ ಯಾವತ್ತೂ ತಕರಾರು ಮಾಡಿದ್ದಿಲ್ಲ. ಅಕ್ಕ ಹುಳುಮನೆಯ ಹೊರಗೆ ಎಲ್ಲೂ ಹಾಡುತ್ತಿರಲಿಲ್ಲ. ಕೇಳುತ್ತಿದ್ದವರು ಹುಳುಗಳು, ನಾನು, ಮತ್ತು ಬಾಗಿಲಾಚೆ ನಿಂತ ಪ್ಯಾರೇಜಾನ್ ಸಾಹೇಬರು.

ಪ್ಯಾರೇಜಾನ್ ಶಿಡ್ಲಘಟ್ಟದವರು. ಅವರಿಗೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಚರಕದ ಕಸುಬು. ಮದುವೆ ಕಾಲ ಬಂದರೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಗೂಡು ಕೊಳ್ಳಲು ನಮ್ಮ ಮನೆಗೆ ಬಂದಾಗ, ಹುಳುಮನೆಗೆ ಹೊರಗಿನವರು ಕಾಲಿಡಬಾರದೆಂದು ಅಂಗಳದಲ್ಲೇ ನಿಲ್ಲುತ್ತಿದ್ದರು. ಗೂಡಿನ ಮೇಲೆ ಕಣ್ಣು, ಹಾಡಿನ ಮೇಲೆ ಕಿವಿ. ಹಾಗೆ ನಿಂತು ನಿಂತೇ ಹಾಡನ್ನು ಕಲಿತು, ಮದುವೆ ಗಂಡನ್ನು ಕರೆತರುವಾಗ ಬ್ಯಾಂಡಿನಲ್ಲಿ ಊದತೊಡಗಿದರು. ಒಂದು ಮದುವೆಯಲ್ಲಿ ಗಂಡಿನ ಕಡೆಯವರು ಬ್ಯಾಂಡ್ ತಂದರೆ, ಹೆಣ್ಣಿನ ಕಡೆಯವರು ಚಿಂತಾಮಣಿಯಿಂದ ಓಲಗ ಕರೆಸಿದ್ದರು. ಓಲಗದ ವೆಂಕಟರಮಣಪ್ಪನವರು ಅದನ್ನು ಕೇಳಿ ನಾಗಸ್ವರಕ್ಕೆ ಇಳಿಸಿಕೊಂಡರು. ಮುಂದೆ ತಮಟೆಯವರ ಕೈಗೂ ಅದು ಹೋಯಿತು. ಅಕ್ಕನಿಗೆ ಮಾತ್ರ ಇದೊಂದೂ ಗೊತ್ತಿರಲಿಲ್ಲ. ಅವಳು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಆಗ ಕನ್ನಡನಾಡೆಲ್ಲ ಸೇರಿ ಒಂದು ರಾಜ್ಯವಾಗಿದ್ದ ಹೊಸತು. ಬ್ಲಾಕ್ ಆಫೀಸಿನ ಸಾಹೇಬರಿಗೆ ಒಂದು ಯೋಚನೆ ಬಂತು. ನಾನು ಹಿಪ್ಪುನೇರಳೆ ಕಡ್ಡಿ ಕೇಳಲು ಹೋದ ದಿನವೇ ಅವರ ಆಫೀಸಿನ ಜಗಲಿ ಮೇಲೆ ಓಲಗದವರು, ಬ್ಯಾಂಡಿನವರು, ತಮಟೆಯವರು ಎಲ್ಲ ಸೇರಿದ್ದರು.

“ಎಲ್ಲ ಊರಲ್ಲೂ ಏಕತೆ ಬಗ್ಗೆ ಭಾಷಣ ಮಾಡ್ತಾರೆ. ನಾವು ನುಡಿಸಿ ತೋರಿಸೋಣ. ರಾಜ್ಯೋತ್ಸವದ ದಿನ ಒಂದೇ ವೇದಿಕೆ, ಎಲ್ಲ ವಾದ್ಯ, ಒಂದು ಹಾಡು,” ಎಂದರು ಸಾಹೇಬರು.

ಯಾವ ಹಾಡು ಎನ್ನುವಲ್ಲಿಗೆ ಏಕತೆ ಮುರಿದುಬಿತ್ತು. ಒಬ್ಬರದು ಇನ್ನೊಬ್ಬರಿಗೆ ಬರದು. ಕೊನೆಗೆ ವೆಂಕಟರಮಣಪ್ಪನವರು ಬೇಸತ್ತು, “ಇದು ಬರ್ತದಾ ನಿಮಗೆ?” ಎಂದು ಬಾಯಲ್ಲೇ ಒಂದು ಸಾಲು ಎಳೆದರು. ಪ್ಯಾರೇಜಾನ್ ನಕ್ಕುಬಿಟ್ಟರು.

“ಅದು ನಮ್ದೇ ಅಲ್ವಾ ಯಜಮಾನ್ರೇ, ನೀವು ಹೊಡ್ಕೊಂಡಿದ್ದು.”

“ಏಮಯ್ಯಾ, ನಿಮ್ಮಪ್ಪ ಕಟ್ಟಿದ್ನಾ ಅದನ್ನ?”

“ನಮ್ಮಪ್ಪನೂ ಅಲ್ಲ, ನಿಮ್ಮಪ್ಪನೂ ಅಲ್ಲ. ಇಗೋ, ಇವರ ಅಕ್ಕ ಹಾಡೋದು,” ಎಂದು ಪ್ಯಾರೇಜಾನ್ ನನ್ನ ಕಡೆ ಕೈ ತೋರಿಸಿದರು. “ಮುನಿಶಾಮಪ್ಪೋರ ಅಕ್ಕ. ಹುಳುಮನೇಲಿ ಹಾಡ್ತಾರೆ. ನಾವೆಲ್ಲ ಅಲ್ಲಿಂದ ತಂದಿದ್ದು.”

ಸಾಹೇಬರ ಮುಖ ಅರಳಿತು. “ಹಾಗಾದರೆ ಆ ತಾಯಿಯೇ ಬಂದು ಹಾಡಲಿ. ನೀವೆಲ್ಲ ಅವರ ಹಿಂದೆ ನುಡಿಸಿ. ಏನಪ್ಪಾ, ಕೇಳಿ ನೋಡ್ತೀಯಾ?”

ಎಲ್ಲರೂ ನನ್ನನ್ನು ನೋಡಿದರು. ಜನ್ಮದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಅದು ತಲೆಗೇರಿತು.

“ಅಕ್ಕಂಗೆ ತುಂಬಾ ನಾಚ್ಕೆ ಸ್ವಾಮಿ. ಕೇಳಿದ್ರೂ ಬರಲ್ಲ,” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. “ಬೇಕಾದ್ರೆ ನಾನೇ ಹಾರ್ಮೋನಿಯಂ ತರ್ತೀನಿ.”

ನನ್ನ ಹತ್ತಿರ ಹಾರ್ಮೋನಿಯಂ ಇದೆಯೇ ಎಂದು ಯಾರೂ ಕೇಳಿರಲಿಲ್ಲ.

ದಾರಿಯುದ್ದಕ್ಕೂ ಸೈಕಲ್ ತುಳಿಯುತ್ತ ನಾನು ನನಗೇ ಸಮಾಧಾನ ಹೇಳಿಕೊಂಡೆ. ಗಂಡ ಸತ್ತ ಹೆಂಗಸು, ವೇದಿಕೆ ಹತ್ತಿದರೆ ಜನ ಏನಂದಾರು? ಅಕ್ಕನ ಮಾನ ಕಾಪಾಡಿದ ತಮ್ಮ ನಾನು. ಬಹಳ ದೊಡ್ಡ ಮಾತು. ನಿಜ ಬೇರೆ ಇತ್ತು. ಅಕ್ಕ ಹಾಡಿದರೆ ನನ್ನನ್ನು ಯಾರು ನೋಡುತ್ತಾರೆ?

ಅಭ್ಯಾಸ ನಡೆದದ್ದು ಪ್ಯಾರೇಜಾನರ ಚರಕದ ಶೆಡ್ಡಿನಲ್ಲಿ. ಗೂಡು ಬೇಯಿಸಿದ ವಾಸನೆಯ ನಡುವೆ ವಾದ್ಯಗಳೆಲ್ಲ ಕೂತವು. ನಾನು ಶುರು ಮಾಡಿದೆ. ವೆಂಕಟರಮಣಪ್ಪನವರು ನಾಗಸ್ವರವನ್ನು ಬಾಯಿಂದ ತೆಗೆದು ನನ್ನನ್ನು ನೋಡಿದರು.

“ಅಯ್ಯಾ, ನಿನ್ನ ಶ್ರುತಿ ಪಾತಾಳದಲ್ಲೈತೆ. ನಮ್ದು ಮೇಲೈತೆ. ನೀನು ಎರಡು ಮನೆ ಮೇಲಕ್ಕೆ ಹತ್ತು.”

“ಹತ್ತೋಕಾಗಲ್ಲ,” ಎಂದೆ.

“ಯಾಕೆ?”

ಮೇಲಿನ ಮನೆಗಳಿಗೆ ಕುಂಕುಮ ಇಲ್ಲ ಎಂದು ಹೇಳಲಾಗುತ್ತದೆಯೇ? “ಇದೇ ಇದರ ಸ್ವಭಾವ,” ಎಂದೆ ಗಂಭೀರವಾಗಿ. “ನಾಟಕದ ಕಂಪನಿ ವಾದ್ಯ.”

ಅವರು ಒಳ್ಳೆಯವರು, ನಂಬಿದರು. ಪ್ಯಾರೇಜಾನರ ಬಳಿ ಗಿಡ್ಡ ಕ್ಲಾರಿನೆಟ್ ಒಂದು, ಉದ್ದದ್ದು ಒಂದು ಇತ್ತು. ಗಿಡ್ಡದ್ದನ್ನು ಪೆಟ್ಟಿಗೆಯಲ್ಲಿಟ್ಟು ಉದ್ದದ್ದನ್ನು ತೆಗೆದರು. ವೆಂಕಟರಮಣಪ್ಪನವರು ಮುಂದಿನ ವಾರ ಚಿಂತಾಮಣಿಯಿಂದ ತಮ್ಮ ತಾತನ ಕಾಲದ ಉದ್ದದ ನಾಗಸ್ವರವನ್ನು ಬಸ್ಸಿನ ಕಿಟಕಿಯಿಂದ ಹೊರಗೆ ಚಾಚಿಕೊಂಡು ತಂದರು. ಅದನ್ನು ಊದಲು ಅವರಿಗೆ ಉಸಿರು ಸಾಲುತ್ತಿರಲಿಲ್ಲ. ತಮಟೆಯವರು ಕೂಡ ನನ್ನ ಓಟಕ್ಕೆ ತಕ್ಕಂತೆ ಪೆಟ್ಟು ನಿಧಾನ ಮಾಡಿದರು. ನಾನು ಮುಂದಿನ ಚುಕ್ಕೆ ಹುಡುಕುವವರೆಗೂ ಅವರೆಲ್ಲ ಕೋಲು ಎತ್ತಿಕೊಂಡು ಕಾಯುತ್ತಿದ್ದರು. ಒಟ್ಟಿನಲ್ಲಿ ಇಡೀ ತಾಲ್ಲೂಕಿನ ಸಂಗೀತ ನನಗೋಸ್ಕರ ಬಗ್ಗಿತು. ಎಲ್ಲರೂ ನನಗೆ ಹೊಂದಿಕೊಳ್ಳುವುದಕ್ಕೇ ಏಕತೆ ಎನ್ನುತ್ತಾರೆ ಎಂದು ನಾನು ತಿಳಿದಿದ್ದೆ.

ಉತ್ಸಾಹ ಹೆಚ್ಚಾಗಿ ನಾನು ಹಾರ್ಮೋನಿಯಂಗೆ ಗಾಳಿ ತುಂಬುವ ತಿದಿಯನ್ನು ಕಮ್ಮಾರನ ಹಾಗೆ ಒತ್ತಿದೆ. ಅದು ಹರಿಯಿತು. ರಿಪೇರಿಗೆ ಗೌರಿಬಿದನೂರಿಗೆ ಕಳಿಸಿದೆ. ಅದು ಅಲ್ಲಿದ್ದಾಗಲೇ ಇತ್ತ ಆಯುಧಪೂಜೆ ಬಂದು ಹೋಯಿತು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಮರೆತೆ.

ಅಷ್ಟರಲ್ಲಿ ನನಗೆ ಇನ್ನೊಂದು ಉದ್ಯೋಗ ಅಂಟಿಕೊಂಡಿತ್ತು. ಪ್ಯಾರೇಜಾನ್ ನಮ್ಮ ಮನೆಗೆ ಬಂದು ಅಕ್ಕನ ಜೊತೆ ಮಾತಾಡದ ಹಾಗೆ ಕಾಯುವುದು. ಗೂಡು ಬಿಡಿಸಿದ ಕೂಡಲೇ ನಾನೇ ಬಿದಿರ ಮಂಕರಿ ಹೊತ್ತು ಶಿಡ್ಲಘಟ್ಟಕ್ಕೆ ಹೊರಟೆ.

“ಪ್ರತಿ ಸಲ ಅವರೇ ಬರ್ತಿದ್ರಲ್ಲ. ನೀವ್ಯಾಕೆ ಹೊರ್ತೀರಿ?” ಎಂದಳು ರತ್ನಮ್ಮ.

“ಪಾಪ, ಅವರಿಗೆ ವಯಸ್ಸಾಯ್ತು.”

“ನಿಮಗಿಂತ ಚಿಕ್ಕೋರು ಅವರು.”

ನಾನು ಮಂಕರಿ ಎತ್ತಿಕೊಂಡೆ. ಮದುವೆಯಾದಾಗಿನಿಂದ ಒಂದು ಬಿಂದಿಗೆ ನೀರು ಎತ್ತಿ ಇಡದ ಗಂಡ ಮಂಕರಿ ಹೊತ್ತು ಓಡುವುದನ್ನು ಕಂಡು, ನನಗೆ ಏನೋ ಗಾಳಿ ಸೋಕಿದೆ ಎಂದು ಅವಳು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ದೊಡ್ಡ ದೃಷ್ಟಿಯೇ ತಗುಲಿದೆ ಎಂದಳು. ಸುಳ್ಳಿನ ಘಾಟು ಬೇರೆ, ಅದು ನನಗೆ ಮಾತ್ರ ಹೊಡೆಯುತ್ತಿತ್ತು.

ಹಾರ್ಮೋನಿಯಂ ರಿಪೇರಿಯಾಗಿ ಬಂದ ಮೇಲೆ ದನದ ಕೊಟ್ಟಿಗೆಯಲ್ಲಿ ಅಭ್ಯಾಸಕ್ಕೆ ಕೂತೆ. ಹುಳುಗಳು ನಾಲ್ಕನೇ ಜ್ವರಕ್ಕೆ ಮಲಗಿದ್ದವು. ಹುಳು ಹಳೇ ಚರ್ಮ ಬಿಡುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಮಲಗುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಮನೆಯಲ್ಲಿ ಒಗ್ಗರಣೆ ಸದ್ದೂ ಆಗಬಾರದು. ನಾನು ನುಡಿಸುತ್ತಿದ್ದುದು ಹಸುವಿಗೆ. ಅದು ಎರಡು ದಿನ ಹಾಲು ಬಿಡಲಿಲ್ಲ.

ಅಕ್ಕ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಕೇಳಿದಳು.

“ಇದು ಅಮ್ಮನ ಹಾಡಲ್ವೇನೋ?”

“ಹೂಂ ಅಕ್ಕ.”

“ಎರಡನೇ ಸಾಲಲ್ಲಿ ಒಂದು ಕಡೆ ಜಾರ್ಬೇಕು ಕಣೋ. ನೀನು ಹಾರ್ತಾ ಇದ್ದೀಯ.”

“ಪೆಟ್ಟಿಗೇಲಿ ಜಾರೋಕೆ ಬರಲ್ಲಕ್ಕ.”

“ಹೌದೇನೋ.” ಅವಳು ಹಸುವಿನ ಮುಂದೆ ಹುಲ್ಲು ಸರಿಸಿದಳು. “ಶಿಡ್ಲಘಟ್ಟದಲ್ಲಿ ಇದನ್ನೇ ನುಡಿಸ್ತಾರಂತಲ್ಲ, ರತ್ನ ಹೇಳಿದ್ಲು. ಹಾಡೋರು ಯಾರು?”

“ಯಾರೂ ಇಲ್ಲ. ಬರೀ ವಾದ್ಯ.”

“ಮಾತೇ ಇಲ್ದೆ?” ಎಂದಳು. ಆಮೇಲೆ, ಮದುವೆ ಮನೆಗೆ ಕರೆಯದ ನೆಂಟರು ಕೇಳುವ ಹಾಗೆ, “ನಾನೂ ಬರ್ಲೇನೋ ಕೇಳೋಕೆ? ಹಿಂದೆ ಎಲ್ಲಾದ್ರೂ ಕೂತ್ಕೋತೀನಿ,” ಎಂದಳು.

ಅಲ್ಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ತೆರೆದ ಬಾಯಿಂದ, “ಬಾ, ಗಾಡೀಲಿ ಜಾಗ ಐತೆ,” ಎಂಬ ಮಾತು ಬಂತು.

ರಾಜ್ಯೋತ್ಸವದ ಬೆಳಗ್ಗೆ ನಾನು ಕೆರೆಗೆ ಹೋಗಿ ಮಿಂದು, ಹೊಸ ಪಂಚೆ ಉಟ್ಟು ಬರುವಷ್ಟರಲ್ಲಿ ರತ್ನಮ್ಮ ಹಾರ್ಮೋನಿಯಂಗೆ ತನ್ನ ಧಾರೆ ಸೀರೆಯನ್ನು ಹೊದಿಸಿ ಗಾಡಿಯಲ್ಲಿ ಇಟ್ಟಿದ್ದಳು. ಮೇಲೊಂದು ಸೇವಂತಿಗೆ ಹೂವು. ನನ್ನ ಕಣ್ಣು ತುಂಬಿಬಂತು. ಕೊನೆಗೂ ಕಲೆಯ ಬೆಲೆ ಇವಳಿಗೆ ತಿಳಿಯಿತಲ್ಲ ಎಂದುಕೊಂಡೆ.

ಗಾಡಿಯಲ್ಲಿ ಅಕ್ಕ ಹಾರ್ಮೋನಿಯಂ ಅಲುಗಾಡದಂತೆ ತೋಳಲ್ಲಿ ಬಳಸಿ ಹಿಡಿದು ಕೂತಿದ್ದಳು. ಹಿಂದೆ ನನ್ನನ್ನೂ ಹಾಗೇ ಹಿಡಿದು ನಂದಿ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು.

ಶಾಲೆಯ ಮೈದಾನದಲ್ಲಿ ಜನವೋ ಜನ. ಹೆಂಗಸರೆಲ್ಲ ಒಂದು ಪಕ್ಕ, ಗಂಡಸರೆಲ್ಲ ಒಂದು ಪಕ್ಕ. ವೇದಿಕೆಯ ಮೇಲೆ ಓಲಗ, ಬ್ಯಾಂಡ್, ತಮಟೆ ಸಾಲಾಗಿ ಕೂತಿದ್ದವು. ತಮಟೆಯವರು ಮೊದಲು ಕೆಳಗೆ ನಿಂತಿದ್ದರು. ಸಾಹೇಬರು ತಾವೇ ಇಳಿದುಹೋಗಿ ಮೇಲಕ್ಕೆ ಕರೆತಂದರು. ನಡುವೆ ಒಂದು ಜಮಖಾನ. ಅದು ನನಗೆ.

ಸಾಹೇಬರ ಭಾಷಣ ಮುಗಿಯಿತು. ನಾನು ಸಭೆಗೆ ನಮಸ್ಕರಿಸಿ, ಪೇಟ ಸರಿಮಾಡಿಕೊಂಡು, ಬಹಳ ಗತ್ತಿನಿಂದ ಧಾರೆ ಸೀರೆ ಸರಿಸಿದೆ.

ಎಲ್ಲ ಮನೆಗೂ ಕುಂಕುಮ.

ಕಪ್ಪು ಮನೆಗೆ, ಬಿಳಿ ಮನೆಗೆ, ಈ ತುದಿಯಿಂದ ಆ ತುದಿಯವರೆಗೆ, ಒಂದೂ ಬಿಡದೆ, ಒಂದೇ ಅಳತೆಯ, ಅಂದವಾದ, ಹೊಸ ಚುಕ್ಕೆಗಳು. ನನ್ನ ಹಳೆಯ ಚುಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಲಾಗಿತ್ತು. ಮೇಲೆ ಅರಿಶಿನದ ಅಕ್ಷತೆ ಚೆಲ್ಲಿತ್ತು.

ನಾನು ಹೆಂಗಸರ ಕಡೆ ನೋಡಿದೆ. ರತ್ನಮ್ಮ ಹೆಮ್ಮೆಯಿಂದ ತಲೆಯಾಡಿಸಿದಳು. ಆಮೇಲೆ ಕೇಳಿದಾಗ ಅವಳು ಹೇಳಿದ್ದು ಇಷ್ಟು: “ಆಯುಧಪೂಜೆ ದಿನ ನೇಗಿಲಿಗಿಟ್ಟೆ, ಕುಡುಗೋಲಿಗಿಟ್ಟೆ, ನಿಮ್ಮ ಸೈಕಲ್ಲಿಗೂ ಇಟ್ಟೆ. ಇದೊಂದು ಗೌರಿಬಿದನೂರಲ್ಲಿ ಪೂಜೆ ಇಲ್ದೆ ಕೂತಿತ್ತು. ಅದಕ್ಕೇ ಹಸು ಹಾಲು ಬಿಡ್ದಂಗೆ ಕಿರುಚ್ತಿತ್ತು. ಯಾರೋ ಅರ್ಧಕ್ಕೆ ಮಾತ್ರ ಕುಂಕುಮ ಇಟ್ಟು ಬಿಟ್ಟಿದ್ರು. ನಾನು ಪೂರ್ತಿ ಮಾಡ್ದೆ.”

ಅವಳ ತಪ್ಪೇನಿಲ್ಲ. ಪೂಜೆ ಎಂದರೆ ಎಲ್ಲರಿಗೂ ಸಮ. ನನಗೆ ಮಾತ್ರ ಅರ್ಧ ಮನೆಗಳು ಬೇಕಾಗಿದ್ದವು.

“ಶುರು ಮಾಡಿ ಮುನಿಶಾಮಪ್ಪೋರೆ,” ಎಂದು ಪ್ಯಾರೇಜಾನ್ ಪಿಸುಗುಟ್ಟಿದರು.

ದೇವರ ಮೇಲೆ ಭಾರ ಹಾಕಿ ಒಂದು ಮನೆ ಒತ್ತಿದೆ. ವೆಂಕಟರಮಣಪ್ಪನವರು ತಾತನ ನಾಗಸ್ವರಕ್ಕೆ ಇದ್ದಬದ್ದ ಉಸಿರನ್ನೆಲ್ಲ ಕೊಟ್ಟರು. ಪ್ಯಾರೇಜಾನ್ ಉದ್ದದ ಕ್ಲಾರಿನೆಟ್ ಎತ್ತಿದರು. ಅವರಿಬ್ಬರೂ ಒಂದು ಕಡೆ, ನಾನೊಬ್ಬ ಇನ್ನೊಂದು ಕಡೆ. ಬೇರೆ ಮನೆ ಒತ್ತಿದೆ. ಇನ್ನೂ ದೂರ ಹೋದೆ. ಸಿಕ್ಕ ಸಿಕ್ಕ ಮನೆಗೆಲ್ಲ ನುಗ್ಗಿದೆ. ತಮಟೆಯವರು ಕೋಲು ಎತ್ತಿದವರು ಎತ್ತಿಕೊಂಡೇ ಉಳಿದರು. ಮೈದಾನದ ಅಂಚಿನಲ್ಲಿ ಮಲಗಿದ್ದ ಎತ್ತುಗಳು ಎದ್ದು ನಿಂತವು.

“ಆಪವಯ್ಯಾ,” ಎಂದು ವೆಂಕಟರಮಣಪ್ಪನವರು ತೆಲುಗಿನಲ್ಲಿ ಗದರಿದರು. ನಿಲ್ಲಿಸು ಎಂದು. ಕನ್ನಡ ರಾಜ್ಯೋತ್ಸವವಾದರೂ ನನಗೆ ಚೆನ್ನಾಗಿ ಅರ್ಥವಾಯಿತು. ಕೈ ತೆಗೆದೆ.

ಹಾರ್ಮೋನಿಯಂ ನಿಲ್ಲಲಿಲ್ಲ.

ಬಲಗೈ ತೊಡೆಯ ಮೇಲಿತ್ತು. ಆದರೂ ಒಂದು ಸ್ವರ ‘ಊಂ’ ಎಂದು ಬರುತ್ತಲೇ ಇತ್ತು. ಅಕ್ಷತೆಯ ಕಾಳೊಂದು ಎರಡು ಮನೆಗಳ ಸಂದಿಗೆ ಬಿದ್ದು, ಒತ್ತಿದ ಮನೆ ಮೇಲಕ್ಕೆ ಏಳದೆ ಕಚ್ಚಿಕೊಂಡಿತ್ತು. ಎಡಗೈಯಾದರೂ ತಿದಿ ಬಿಡಬೇಕಿತ್ತು. ಭಯಕ್ಕೆ ಆ ಕೈ ತಾನಾಗಿ ಒತ್ತುತ್ತಲೇ ಇತ್ತು. ಮಿಕ್ಕ ವಾದ್ಯಗಳೆಲ್ಲ ಸುಮ್ಮನಾದವು. ಇಡೀ ಮೈದಾನದಲ್ಲಿ ಆ ಒಂದು ಸ್ವರ, ಮತ್ತು ಬೆವರುತ್ತ ಕೂತ ನಾನು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಸೊಪ್ಪಿನ ಗುಡ್ಡೆಗೆ ಬಿದ್ದ ಕಿಡಿಯ ಹಾಗೆ ಹೊಗೆಯಾಡುತ್ತ ಮುಂದೆ ಬರತೊಡಗಿತು.

ಆಗ ಹೆಂಗಸರ ಕಡೆಯಿಂದ ಹಾಡು ಬಂತು.

‘ಎಲೆ ತಿಂದು ಮಲಗಮ್ಮ...’

ಅಕ್ಕ ಎದ್ದು ನಿಂತಿರಲಿಲ್ಲ. ಕೂತಲ್ಲೇ, ಹುಳುಮನೆಯಲ್ಲಿ ತಟ್ಟೆಗಳ ಮುಂದೆ ಕೂತು ಹಾಡುವಷ್ಟೇ ದನಿಯಲ್ಲಿ, ಆ ಕಚ್ಚಿಕೊಂಡ ಸ್ವರವನ್ನೇ ಹಿಡಿದು ಹಾಡಿದಳು. ನಗುತ್ತಿದ್ದವರು ಕೇಳಿಸಿಕೊಳ್ಳಲು ನಗು ನಿಲ್ಲಿಸಬೇಕಾಯಿತು. ಪ್ಯಾರೇಜಾನ್ ಉದ್ದದ ಕ್ಲಾರಿನೆಟ್ಟನ್ನು ಕೆಳಗಿಟ್ಟು, ಪೆಟ್ಟಿಗೆಯಿಂದ ಗಿಡ್ಡದ್ದನ್ನು ತೆಗೆದು, ಅವಳು ಸಾಲು ಮುಗಿಸುವವರೆಗೆ ಕಾದು, ಅವಳ ಹಿಂದೆಯೇ ಮೆಲ್ಲಗೆ ಸೇರಿಕೊಂಡರು. ತಮಟೆಯವರು ಕೋಲು ಬಿಟ್ಟು ಬೆರಳ ತುದಿಯಲ್ಲಿ ಬಡಿದರು. ಮಳೆ ಹನಿ ಸೊಪ್ಪಿನ ಮೇಲೆ ಬಿದ್ದ ಹಾಗೆ ಕೇಳಿಸಿತು. ಓಲಗದ ಡೋಲು ಅದಕ್ಕೆ ಜೊತೆಯಾಯಿತು. ವೆಂಕಟರಮಣಪ್ಪನವರ ಉದ್ದದ ನಾಗಸ್ವರ ಆ ಶ್ರುತಿಗೆ ಕೂಡುವಂತಿರಲಿಲ್ಲ. ಯಾವ ಮದುವೆಯಲ್ಲೂ ಬ್ಯಾಂಡಿಗೆ ದಾರಿ ಬಿಡದ ಆ ದೊಡ್ಡ ವಿದ್ವಾಂಸರು ಅದನ್ನು ತೊಡೆಯ ಮೇಲೆ ಮಲಗಿಸಿ, ಅಂಗೈ ತಟ್ಟುತ್ತ ತಾಳ ಹಾಕಿದರು. ಎರಡನೇ ಸಾಲಿನಲ್ಲಿ, ಜಾರಬೇಕಾದ ಕಡೆ ಅಕ್ಕ ಜಾರಿದಳು. “ಭೇಷ್ ತಲ್ಲೀ,” ಎಂದರು ವೆಂಕಟರಮಣಪ್ಪನವರು.

ನಾನು? ತಿದಿ ಒತ್ತುತ್ತಿದ್ದೆ. ನಿಲ್ಲಿಸಿದರೆ ಅಕ್ಕನ ಕಾಲಡಿಯ ನೆಲ ಹೋಗುತ್ತದೆ ಎಂಬುದೊಂದು ನನಗೆ ತಿಳಿದಿತ್ತು.

ಹಾಡು ಮುಗಿದ ಮೇಲೆ ಸಾಹೇಬರು ಎದ್ದರು. ಕಣ್ಣೊರೆಸಿಕೊಂಡು, ಹಾರ ತಂದು, ನನ್ನ ಕೊರಳಿಗೆ ಹಾಕಿದರು.

“ಮಿಕ್ಕವರೆಲ್ಲ ತಮ್ಮ ಕೈಚಳಕ ತೋರಿಸಲು ನೋಡ್ತಾರೆ. ಈ ಕಲಾವಿದರು ಒಂದೇ ಸ್ವರ ಹಿಡಿದು, ತಮ್ಮನ್ನು ತಾವು ಮರೆತು, ಇಡೀ ತಾಲ್ಲೂಕನ್ನು ಒಂದು ಮಾಡಿದರು. ಇದೇ ನಿಜವಾದ ಏಕತೆ,” ಎಂದರು.

ಜನ ಚಪ್ಪಾಳೆ ತಟ್ಟಿದರು. ಅಕ್ಕಿಕಾಳಿನ ವಿಷಯ ನಾನು ಹೇಳಲಿಲ್ಲ. ಕೈಮುಗಿದು ತಲೆ ತಗ್ಗಿಸಿದೆ. ಅದನ್ನೂ ವಿನಯ ಎಂದೇ ತಿಳಿದರು.

ವೇದಿಕೆಯ ಕೆಳಗೆ ಪ್ಯಾರೇಜಾನ್ ನೇರವಾಗಿ ಅಕ್ಕನ ಬಳಿ ಹೋದರು. ಹಾರ ಹಾಕಿಕೊಂಡು ಓಡುವುದು ಕಷ್ಟ. ನಾನು ತಲುಪುವಷ್ಟರಲ್ಲಿ ಮಾತು ಆಗಿಹೋಗಿತ್ತು.

“ನಾರಾಯಣಮ್ಮೋರೆ, ಅವತ್ತೇ ಸಾಹೇಬ್ರು ನೀವೇ ಹಾಡ್ಬೇಕು ಅಂದಿದ್ರು. ನಿಮಗೆ ನಾಚ್ಕೆ, ಬರಲ್ಲ ಅಂದ್ರು ನಿಮ್ಮ ತಮ್ಮ. ಇವತ್ತು ಹೆಂಗಮ್ಮಾ ಮನಸ್ಸು ಬಂತು?”

ಅಕ್ಕ ನನ್ನ ಮುಖ ನೋಡಿದಳು. ಬಹಳ ಹೊತ್ತೇನಲ್ಲ. ಗೂಡು ಆರಿಸುವಾಗ ಒಳಗೆ ಕೆಟ್ಟಿದೆಯೋ ಇಲ್ಲವೋ ಎಂದು ನೋಡುವಷ್ಟೇ ಹೊತ್ತು.

“ಹೌದು ಸಾಬ್ರೇ,” ಎಂದಳು. “ನಾಚ್ಕೆ ಇತ್ತು. ನಮ್ಮ ಮುನಿಶಾಮಿ ಹೇಳಿದ್ದು ನಿಜ.”

ಬೈದಿದ್ದರೆ ಹಾರ ಕಿತ್ತು ಅವಳ ಕಾಲಿಗೆ ಹಾಕಿ ಹಗುರವಾಗುತ್ತಿದ್ದೆ. ಅವಳು ನನ್ನ ಸುಳ್ಳನ್ನು ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು. ನನಗೆ ಹಗುರವಾಗಲು ಏನೂ ಉಳಿಯಲಿಲ್ಲ.

ಸಂಜೆ ಗಾಡಿಯಲ್ಲಿ ಊರಿಗೆ ಹೊರಟೆವು. ರತ್ನಮ್ಮ ತನ್ನ ಪೂಜೆಯ ಫಲದ ಬಗ್ಗೆ ದಾರಿಯುದ್ದಕ್ಕೂ ಹೇಳಿ ಹೇಳಿ ಕೊನೆಗೆ ತೂಕಡಿಸಿದಳು. ಅಕ್ಕ ಹಿಂದಿನಂತೆಯೇ ಹಾರ್ಮೋನಿಯಂ ಬಳಸಿ ಹಿಡಿದು ಕೂತಿದ್ದಳು.

“ಅಕ್ಕ,” ಎಂದೆ.

“ಎತ್ತು ನೋಡ್ಕೊಂಡು ಹೊಡಿ.”

ಸ್ವಲ್ಪ ದೂರ ಹೋದ ಮೇಲೆ ಅವಳೇ ಕೇಳಿದಳು. “ಯಾಕೋ ಹಂಗಂದೆ?”

“ಹೊಟ್ಟೆಕಿಚ್ಚು,” ಎಂದೆ. ಮೂರನೇ ಕ್ಲಾಸು ಓದಿದವನ ಬಳಿ ಇನ್ನೂ ಒಳ್ಳೆಯ ಪದ ಇರಲಿಲ್ಲ. “ನೀನು ಹಾಡಿದ್ರೆ ನನ್ನನ್ನ ಯಾರೂ ನೋಡಲ್ಲ ಅಂತ.”

“ಇವತ್ತು ಚೆನ್ನಾಗಿ ನೋಡಿದ್ರು ಬಿಡು,” ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ನೀನ್ಯಾಕಕ್ಕ ಹಾಡಿದೆ?”

“ಅಳೋ ಮುಖ ಮಾಡ್ಕೊಂಡು ಕೂತಿದ್ದೆ. ಚಿಕ್ಕೋನಿದ್ದಾಗ ನೀನು ಹಂಗೆ ಮಾಡಿದಾಗೆಲ್ಲ ನಾನು ಹಾಡ್ತಿದ್ದೆ. ಬಾಯಿಗೆ ಬಂತು, ಹಾಡ್ದೆ. ಅಷ್ಟು ಜನ ಇದ್ದಿದ್ದು ಆಮೇಲೆ ಕಂಡಿದ್ದು.”

ಇಡೀ ತಾಲ್ಲೂಕು ಏಕತೆಯೆಂದು ಕೇಳಿದ್ದು, ನನ್ನನ್ನು ಅಳದ ಹಾಗೆ ಮಾಡಲು ಹಾಡಿದ ಹಾಡು.

ಗಾಡಿ ನಮ್ಮೂರ ತಿರುವಿಗೆ ಬಂತು. ಅಕ್ಕ ಮತ್ತೆ ಮಾತಾಡಿದಳು. “ಕೇಳಿದ್ದಿದ್ರೆ ನಾನು ಬರಲ್ಲ ಅಂತಲೇ ಅಂತಿದ್ದೆ ಕಣೋ. ನಿಜವಾಗ್ಲೂ ನಂಗೆ ನಾಚ್ಕೆ. ಆದ್ರೂ ಒಂದು ಮಾತು ಕೇಳ್ಬೇಕಿತ್ತು. ಬರಲ್ಲ ಅನ್ನೋ ಮಾತು ನಂದಲ್ವಾ, ಅದನ್ನ ನಾನೇ ಆಡ್ಬೇಕಿತ್ತು.”

ಎತ್ತುಗಳೇ ದಾರಿ ನೋಡಿಕೊಂಡು ಮನೆಗೆ ಹೋದವು. ಹಾರವನ್ನು ಕೊಟ್ಟಿಗೆಯ ಗೂಟಕ್ಕೆ ಹಾಕಿದೆ. ಬೆಳಗಾಗುವಷ್ಟರಲ್ಲಿ ಹಸು ತಿಂದಿತ್ತು. ಅವತ್ತು ಹಾಲು ಬಿಟ್ಟಿತು.

ಅವತ್ತೇ ಹುಳುಗಳೂ ಜ್ವರದಿಂದ ಎದ್ದಿದ್ದವು. ಅಕ್ಕ ಸೊಪ್ಪು ಹಾಕಿ ಬಂದು ಹಾರ್ಮೋನಿಯಂ ಮುಂದೆ ಕೂತಳು. ಸೂಜಿಯಿಂದ ಅಕ್ಕಿಕಾಳನ್ನು ಎಬ್ಬಿಸಿ ತೆಗೆದಳು. ಒದ್ದೆ ಬಟ್ಟೆ ತಂದು ಕುಂಕುಮವನ್ನೆಲ್ಲ ಒರೆಸಿದಳು. ಆಮೇಲೆ ತನ್ನ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಆ ಕಚ್ಚಿಕೊಂಡಿದ್ದ ಮನೆಯ ಮೇಲೆ ಒಂದೇ ಒಂದು ಚುಕ್ಕೆ ಇಟ್ಟಳು. ಅದು ಕಪ್ಪು ಮನೆ. ಸುಣ್ಣ ಚೆನ್ನಾಗಿ ಕಾಣುತ್ತಿತ್ತು.

“ಇಲ್ಲಿ ಬೆರಳಿಡು. ತಿದಿ ಒತ್ತು. ಬೇರೆ ಕಡೆ ಹೋಗ್ಬೇಡ.”

ಮುಂದಿನ ವರ್ಷ ಬ್ಲಾಕ್ ಆಫೀಸಿನವರು ಮತ್ತೆ ಕೇಳಿದಾಗ ನಾನು ಸೈಕಲ್ ತುಳಿದು ಬಂದು, ಕೈಕಾಲು ತೊಳೆದು, ಹುಳುಮನೆಯ ಬಾಗಿಲಲ್ಲಿ ನಿಂತು, “ಅಕ್ಕ, ಹಾಡೋಕೆ ಕರೀತಾರೆ. ಬರ್ತೀಯಾ?” ಎಂದು ಕೇಳಿದೆ.

“ಬರಲ್ಲ, ನಾಚ್ಕೆ,” ಎಂದಳು. ಮಾತು ಅವಳದೇ ಆದ ಸಂತೋಷಕ್ಕೆ ಎರಡು ತಟ್ಟೆ ಹುಳುವಿಗೆ ಸೊಪ್ಪು ಹಾಕಿದಳು. ಆಮೇಲೆ, “ಗಾಡೀಲಿ ಜಾಗ ಐತಾ?” ಎಂದಳು.

ಅಂದಿನಿಂದ ಅಕ್ಕ ಹಾಡುವ ಕಡೆಗೆಲ್ಲ ನಾನು ಪೆಟ್ಟಿಗೆ ಹೊತ್ತು ಹೋಗುತ್ತೇನೆ. ಚಿಕ್ಕಬಳ್ಳಾಪುರದಲ್ಲಿ ಒಮ್ಮೆ ಉಮೇದು ಬಂದು ಪಕ್ಕದ ಮನೆಗೆ ಬೆರಳು ಜಾರಿಸಿದೆ. ತಮಟೆಯವರು, ಓಲಗದವರು, ಪ್ಯಾರೇಜಾನ್, ಎಲ್ಲರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಅಂಥ ಏಕತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಯಾರಾದರೂ “ಹಾರ್ಮೋನಿಯಂ ಬರುತ್ತಾ ಮುನಿಶಾಮಪ್ಪೋರೆ?” ಎಂದು ಕೇಳಿದರೆ, “ಒಂದು ಮನೆ ಬರುತ್ತೆ” ಎನ್ನುತ್ತೇನೆ. ಅದನ್ನೂ ಅಕ್ಕನನ್ನು ಕೇಳಿಯೇ ಒತ್ತುತ್ತೇನೆ.